ತಾನಾಗಿ ತಿರುಗುವ ಕಿವಿ



ಕನ್ನಡದಲ್ಲಿ ರೇಡಿಯೋಗೆ ಕಿವಿ ಇದೆ. ಸದ್ದು ಏರಿಸಿ ಇಳಿಸುವ ಗುಂಡಿಗೆ ಅಂಗಡಿಯವರು ನಾಬ್ ಎನ್ನಲಿ, ವಾಲ್ಯೂಮ್ ಎನ್ನಲಿ, ಮನೆಯೊಳಗೆ ಅದನ್ನು ತಿರುಗಿಸುವುದಕ್ಕೆ ಕಿವಿ ಹಿಂಡುವುದು ಎಂದೇ ಹೆಸರು. ಮಾತಾಡುವುದು ಅದು, ಕೇಳುವವರು ನಾವು, ಆದರೂ ಕಿವಿ ಅದರದ್ದು. ಈ ತಮಾಷೆಯೊಳಗೊಂದು ವಿವೇಕವೂ ಅಡಗಿದೆ. ಮೇಷ್ಟ್ರು ಕಿವಿ ಹಿಂಡಿದರೆ ಎಷ್ಟು ಹಿಂಡಿದೆ ಎಂಬುದು ಮೇಷ್ಟ್ರ ಬೆರಳಿಗೂ ಗೊತ್ತು, ಹುಡುಗನ ಕಿವಿಗೂ ಗೊತ್ತು. ಇಬ್ಬರ ನಡುವೆ ಲೆಕ್ಕ ತಪ್ಪುವುದಿಲ್ಲ. ಇವತ್ತು ನಾನು ಮಾತಾಡಲಿರುವುದು ಯಾರೂ ಹಿಂಡದೆ ತಾನಾಗಿ ತಿರುಗುವ ಕಿವಿಯ ಬಗ್ಗೆ. ಸಣ್ಣದೊಂದು ಮೋಟಾರು ಕಟ್ಟಿಸಿಕೊಂಡು ಯಂತ್ರದ ಆಜ್ಞೆಯಂತೆ ತಿರುಗುವ ವಾಲ್ಯೂಮ್ ಗುಂಡಿ, ಹಲವು ದನಿ ಬೆರೆಸುವ ಮಿಕ್ಸರ್ ಮೇಲೆ ಮೇಲಕ್ಕೂ ಕೆಳಕ್ಕೂ ತಾನೇ ಸರಿಯುವ ಫೇಡರ್, ಇವೆರಡು ನನ್ನ ಮುಖ್ಯ ಪಾತ್ರಗಳು. ಇದು ಶ್ರೀಮಂತರ ಆಟಿಕೆ ಎಂಬ ಅಭಿಪ್ರಾಯ ವ್ಯಾಪಕವಾಗಿದೆ. ನನ್ನ ವಾದ ಬೇರೆ. ಒಂದು ಸ್ಥಿತಿಯನ್ನು ತೋರಿಸುವ ವಸ್ತುವೂ ಅದನ್ನು ಬದಲಿಸುವ ವಸ್ತುವೂ ಒಂದೇ ಆಗಿದ್ದಲ್ಲಿ, ಆ ವಸ್ತು ಸುಳ್ಳು ಹೇಳದಂತೆ ನೋಡಿಕೊಳ್ಳುವ ಹೊಣೆ ಯಂತ್ರದ್ದು; ಮೋಟಾರು ಆ ಹೊಣೆಗೆ ತೆರುವ ಬೆಲೆ. ಎಲ್ಲಿ ತೆರಬೇಕು, ಎಲ್ಲಿ ಬೇಡ ಎಂಬುದು ಆಮೇಲಿನ ಮಾತು, ಅದನ್ನೂ ಹೇಳುತ್ತೇನೆ. ಈ ವಾದಕ್ಕೆ ಅತ್ಯುತ್ತಮ ಸಾಕ್ಷಿ ಇದೇ ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಆವರಣದಲ್ಲಿ ತಯಾರಾಗುತ್ತ ಬಂದಿದೆ. ಆ ಸಾಕ್ಷಿ ನಿಮ್ಮಲ್ಲಿ ಕೆಲವರ ಕೈಗೇ ಕಟ್ಟಿಕೊಂಡಿರಬಹುದು.

ಮೊದಲು ಹಳೆಯ ಗುಂಡಿಯನ್ನು ಬಿಚ್ಚಿ ನೋಡೋಣ. ಅದರೊಳಗೆ ಇಂಗಾಲದ ಲೇಪವಿರುವ ಬಳೆಯಾಕಾರದ ಒಂದು ಪಟ್ಟಿ, ಅದರ ಮೇಲೆ ಸವರಿಕೊಂಡು ಹೋಗುವ ಲೋಹದ ನಾಲಿಗೆ. ನಾಲಿಗೆ ಎಲ್ಲಿ ನಿಂತಿದೆಯೋ ಅಷ್ಟು ಸದ್ದು. ಪೂರ್ತಿ ಸುತ್ತಲು ಬಿಡುವುದಿಲ್ಲ; ಸುಮಾರು 300 ಡಿಗ್ರಿಯಲ್ಲಿ ಎರಡು ಕೊನೆಗಳು, ಎರಡೂ ಕಡೆ ತಡೆ. ಪಟ್ಟಿಯ ಲೇಪ ಉದ್ದಕ್ಕೂ ಒಂದೇ ಸಮನಾಗಿರುವುದೂ ಇಲ್ಲ. ನಮ್ಮ ಕಿವಿ ಸದ್ದನ್ನು ಕೂಡಿಸಿ ಎಣಿಸುವುದಿಲ್ಲ, ಗುಣಿಸಿ ಎಣಿಸುತ್ತದೆ. ವಿದ್ಯುತ್ ಶಕ್ತಿ ಹತ್ತು ಪಟ್ಟಾದರೆ, ಅಂದರೆ 10 ಡೆಸಿಬೆಲ್ ಏರಿದರೆ, ಕೇಳುವವನಿಗೆ ಹೆಚ್ಚುಕಡಿಮೆ ಇಮ್ಮಡಿಯಾಯಿತು ಅನಿಸುತ್ತದೆ, ಅಷ್ಟೆ. ಹಾಗಾಗಿ ಗುಂಡಿ ಅರ್ಧ ದಾರಿಗೆ ಬಂದಾಗ ಅರ್ಧ ವೋಲ್ಟೇಜ್ ಬಿಡುವುದಿಲ್ಲ, ಹತ್ತನೇ ಒಂದು ಭಾಗದ ಆಸುಪಾಸು ಬಿಡುವಂತೆ ಲೇಪವನ್ನು ಹದ ಮಾಡಿರುತ್ತಾರೆ. ಕೈ ನಡೆದ ದೂರ ಕಿವಿಗೆ ಕೇಳಿದ ದೂರಕ್ಕೆ ಹೊಂದಬೇಕು ಎಂಬುದು ಈ ಹದದ ಉದ್ದೇಶ. ಇಷ್ಟೆಲ್ಲ ಕಾಳಜಿಯಿಂದ ಮಾಡಿದ ಗುಂಡಿಯಲ್ಲಿ ಮೂರು ಕೆಲಸ ಒಟ್ಟಿಗೆ ನಡೆಯುತ್ತವೆ. ಅದು ಆಜ್ಞೆ ತೆಗೆದುಕೊಳ್ಳುತ್ತದೆ, ಸ್ಥಿತಿ ತೋರಿಸುತ್ತದೆ, ಕರೆಂಟ್ ಹೋದರೂ ನೆನಪಿಟ್ಟುಕೊಳ್ಳುತ್ತದೆ. ನೆನಪಿಗೆ ಚಿಪ್ಪೂ ಬೇಡ, ಬ್ಯಾಟರಿಯೂ ಬೇಡ. ನಿಂತ ಜಾಗವೇ ನೆನಪು. ಶಾಲೆ, ದೇವಸ್ಥಾನಗಳಲ್ಲಿ ಇವತ್ತಿಗೂ ಇರುವ ಆಹುಜಾ ಆಂಪ್ಲಿಫೈಯರ್‌ನ ಮುಖದಲ್ಲಿ ಸಾಲಾಗಿ ಕೂತ ಕರಿ ಗುಂಡಿಗಳನ್ನು ನೋಡಿದರೆ, ನಿನ್ನೆ ಸಂಜೆ ಯಾವ ಮೈಕನ್ನು ಎಷ್ಟಕ್ಕೆ ಬಿಟ್ಟು ಹೋದರು ಎಂಬುದು ಸ್ವಿಚ್ ಹಾಕುವ ಮುಂಚೆಯೇ ತಿಳಿಯುತ್ತದೆ. ಈ ‘ಮುಂಚೆಯೇ’ ಎಂಬ ಮಾತನ್ನು ದಯವಿಟ್ಟು ನೆನಪಿಡಿ. ಕಿವಿ ಸುದ್ದಿ ಕೊಡುವುದು ಸದ್ದು ಬಂದ ಮೇಲೆ. ಗುಂಡಿ ಸುದ್ದಿ ಕೊಡುವುದು ಸದ್ದು ಬರುವ ಮೊದಲು.

ಮೂರು ಕೆಲಸಗಳ ಈ ಒಗ್ಗಟ್ಟು ಒಡೆದದ್ದು ಎರಡನೆಯ ಯಜಮಾನ ಬಂದಾಗ. ದೂರದಿಂದ ರಿಮೋಟ್ ಒತ್ತಿ ಸದ್ದು ಏರಿಸಬಹುದು ಎಂದಾದ ದಿನ, ಗುಂಡಿ ಇದ್ದಲ್ಲೇ ಇದೆ, ಸದ್ದು ಮಾತ್ರ ಬದಲಾಗಿದೆ ಎಂಬ ಸಂದರ್ಭ ಹುಟ್ಟಿತು. ಗುಂಡಿಯ ಗೆರೆ ಒಂಬತ್ತು ಗಂಟೆಯ ದಿಕ್ಕು ತೋರುತ್ತಿದೆ, ಯಂತ್ರ ಎರಡು ಗಂಟೆಯ ಅಬ್ಬರದಲ್ಲಿ ಹಾಡುತ್ತಿದೆ. ಈಗ ಕೈ ಬಂದು ಗುಂಡಿಯನ್ನು ಕೊಂಚ ತಿರುಗಿಸಿದರೆ ಯಂತ್ರ ಯಾರ ಮಾತು ಕೇಳಬೇಕು? ಗುಂಡಿಯ ಮಾತು ಕೇಳಿದರೆ ಸದ್ದು ಒಮ್ಮೆಲೇ ಕುಸಿಯುತ್ತದೆ. ಕೇಳದಿದ್ದರೆ ಗುಂಡಿ ಹೆಸರಿಗೆ ಮಾತ್ರ ಗುಂಡಿ. ಇದಕ್ಕೆ ತಯಾರಕರು ಕಂಡುಕೊಂಡ ದಾರಿಗಳಲ್ಲಿ ಅಗ್ಗದ್ದು ಗುಂಡಿಯನ್ನೇ ಕಿತ್ತುಹಾಕಿ ಎರಡು ಒತ್ತುಗುಂಡಿ ಇಡುವುದು. ಇನ್ನೊಂದು, ಕೊನೆಮೊದಲಿಲ್ಲದೆ ಸುತ್ತುವ ಗುಂಡಿ ಇಟ್ಟು, ಸ್ಥಿತಿಯನ್ನು ಪಕ್ಕದಲ್ಲಿ ದೀಪಗಳಿಂದಲೋ ಅಂಕಿಗಳಿಂದಲೋ ತೋರಿಸುವುದು. ಮೂರನೆಯದು ದುಬಾರಿ, ಮೊಂಡು, ನನ್ನ ಮಟ್ಟಿಗೆ ಅತ್ಯಂತ ಪ್ರಾಮಾಣಿಕ: ಗುಂಡಿಯನ್ನು ಹಾಗೇ ಉಳಿಸಿ, ರಿಮೋಟ್ ಒತ್ತಿದಾಗ ಮೋಟಾರಿನಿಂದ ಅದೇ ಗುಂಡಿಯನ್ನು ತಿರುಗಿಸುವುದು. ಜಪಾನಿನ ಆಲ್ಪ್ಸ್ ಕಂಪನಿಯ ಇಂಥ ಭಾಗಗಳು ದಶಕಗಳಿಂದ ಒಳ್ಳೆಯ ಆಂಪ್ಲಿಫೈಯರ್‌ಗಳ ಹೊಟ್ಟೆಯಲ್ಲಿವೆ. ಬೆರಳ ತುದಿಯಷ್ಟು ಮೋಟಾರು, ಅದರ ವೇಗ ತಗ್ಗಿಸುವ ಹಲ್ಲುಚಕ್ರಗಳು, ಆಮೇಲೆ ಇಡೀ ವ್ಯವಸ್ಥೆಯ ಜಾಣತನ ಇರುವ ಜಾಗ, ಜಾರುವ ಹಿಡಿತ. ಚಕ್ರಕ್ಕೂ ಗುಂಡಿಯ ಕಡ್ಡಿಗೂ ನಡುವಿನ ಬಿಗಿ ಎಷ್ಟಿರುತ್ತದೆಂದರೆ, ಮೋಟಾರು ಎಳೆದರೆ ಕಡ್ಡಿ ಬರುತ್ತದೆ. ಆದರೆ ಮನುಷ್ಯನ ಕೈ ತಿರುಗಿಸಿದರೆ ಹಿಡಿತ ಜಾರಿ ಕೈಗೆ ದಾರಿ ಬಿಡುತ್ತದೆ. ಗುಂಡಿ ಕೊನೆಯ ತಡೆಗೆ ಮುಟ್ಟಿದ ಮೇಲೂ ಯಾರೋ ರಿಮೋಟ್ ಒತ್ತುತ್ತಲೇ ಇದ್ದರೆ ಮೋಟಾರು ಸುಟ್ಟುಹೋಗದೆ ಸುಮ್ಮನೆ ಜಾರುತ್ತ ತಿರುಗುತ್ತದೆ. ಯಂತ್ರಕ್ಕೆ ಕೈ ಇದೆ, ಆದರೆ ಆ ಕೈ ನಮ್ಮ ಕೈಗಿಂತ ಬೇಕೆಂದೇ ದುರ್ಬಲ.

ಈಗ ಸಿಪ್ಕಾಟ್ ಸಾಕ್ಷಿ. ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೋ ಸೇರಿ 1984ರಲ್ಲಿ ಸ್ಥಾಪಿಸಿದ ಟೈಟನ್, ಹೊಸೂರಿನಲ್ಲಿ ಕಾರ್ಖಾನೆ ಕಟ್ಟಿ ಕ್ವಾರ್ಟ್ಜ್ ಕೈಗಡಿಯಾರದ ಮೇಲೆ ಪಣ ಕಟ್ಟಿತು. ಆ ಕಾಲವನ್ನು ನೆನಪಿಸಿಕೊಳ್ಳಿ. 1969ರ ಕ್ರಿಸ್ಮಸ್ ದಿನ ಸೀಕೋ ಕಂಪನಿ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತ್ತು. 1972ರಲ್ಲಿ ಹ್ಯಾಮಿಲ್ಟನ್‌ನವರ ಪಲ್ಸರ್, ಮುಳ್ಳೇ ಇಲ್ಲದೆ ಕೆಂಪು ಅಂಕಿಗಳಲ್ಲಿ ಹೊತ್ತು ತೋರಿತು. ಮುಳ್ಳಿನ ಕಾಲ ಮುಗಿಯಿತು ಎಂದು ಅಂದುಕೊಳ್ಳಲು ಎಲ್ಲ ಕಾರಣಗಳೂ ಇದ್ದವು. ಕ್ವಾರ್ಟ್ಜ್ ಗಡಿಯಾರದಲ್ಲಿ ಹೊತ್ತು ಗೊತ್ತಿರುವುದು ವಿದ್ಯುತ್ ಮಂಡಲಕ್ಕೆ. ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ಆ ಎಣಿಕೆಯನ್ನು 15 ಬಾರಿ ಅರ್ಧ ಮಾಡಿದರೆ ಸೆಕೆಂಡಿಗೆ ಒಂದು ಮಿಡಿತ. ಆ ಮಿಡಿತಗಳನ್ನು ಕೂಡಿಸಿ ಅಂಕಿಯಲ್ಲಿ ಬರೆದುಬಿಟ್ಟರೆ ಕೆಲಸ ಮುಗಿಯಿತು; ಚಕ್ರ ಬೇಡ, ಮೋಟಾರು ಬೇಡ, ಸವೆಯುವುದು ಯಾವುದೂ ಬೇಡ. ಆದರೂ ಹೊಸೂರಿನಲ್ಲಿ ಮಾಡಿದ್ದೇನು? ಆ ಮಿಡಿತವನ್ನು ಒಂದು ಪುಟ್ಟ ಮೋಟಾರಿಗೆ ಕೊಟ್ಟರು. ಫ್ರಾನ್ಸಿನ ಎಂಜಿನಿಯರ್ ಮಾರಿಯಸ್ ಲಾವೆ 1930ರ ದಶಕದಲ್ಲಿ ರೂಪಿಸಿದ ಬಗೆಯ ಮೋಟಾರು ಅದು: ಪ್ರತಿ ಮಿಡಿತಕ್ಕೆ ಸಾಸಿವೆಗಾತ್ರದ ಅಯಸ್ಕಾಂತ ಅರ್ಧ ಸುತ್ತು ತಿರುಗುತ್ತದೆ, ಚಕ್ರಗಳ ಮೂಲಕ ಸೆಕೆಂಡ್ ಮುಳ್ಳು 6 ಡಿಗ್ರಿ ಮುಂದಕ್ಕೆ ಹೆಜ್ಜೆ ಇಡುತ್ತದೆ. 2002ರಲ್ಲಿ ಬಂದ ಟೈಟನ್ ಎಡ್ಜ್ ಈ ಹಟದ ಶಿಖರ. ಇಡೀ ಗಡಿಯಾರ 3.5 ಮಿಲಿಮೀಟರ್ ದಪ್ಪ, ಒಳಗಿನ ಯಂತ್ರ 1.15 ಮಿಲಿಮೀಟರ್. ಇಷ್ಟು ತೆಳುವಾಗಿಸಲು ಕಷ್ಟಪಡುವ ಬದಲು ಮುಳ್ಳನ್ನೂ ಮೋಟಾರನ್ನೂ ಬಿಟ್ಟುಬಿಡಬಹುದಿತ್ತಲ್ಲ? ಬಿಡಲಿಲ್ಲ, ಏಕೆಂದರೆ ಕೊಳ್ಳುವವರು ಮುಳ್ಳಿಗೆ ದುಡ್ಡು ಕೊಡುತ್ತಿದ್ದರು. ಹತ್ತು ನಿಮಿಷ ಉಳಿದಿದೆ ಎಂಬುದನ್ನು ಅಂಕಿಯಲ್ಲಿ ಓದಿ ಕಳೆಯುವ ಲೆಕ್ಕ ಮಾಡಬೇಕು. ಮುಳ್ಳಿನಲ್ಲಾದರೆ ಉಳಿದ ಜಾಗ ಕಣ್ಣಿಗೇ ಬೀಳುತ್ತದೆ. ಬೆಂಗಳೂರಿನ ಎಚ್‌ಎಂಟಿ ಅಂಧರಿಗಾಗಿ ಮಾಡಿದ ಬ್ರೈಲ್ ಗಡಿಯಾರದಲ್ಲಿ ಗಾಜಿನ ಮುಚ್ಚಳ ತೆರೆದು ಮುಳ್ಳನ್ನೇ ಬೆರಳಿನಿಂದ ಮುಟ್ಟಿ ಹೊತ್ತು ತಿಳಿಯುತ್ತಿದ್ದರು. ಅಂಕಿಯನ್ನು ಹಾಗೆ ಮುಟ್ಟಲು ಬರುವುದಿಲ್ಲ.

ಗಡಿಯಾರದ ಮುಳ್ಳು ಬರೀ ತೋರಿಕೆ, ವಾಲ್ಯೂಮ್ ಗುಂಡಿಯ ಹಾಗೆ ಅದು ಆಜ್ಞೆ ಸ್ವೀಕರಿಸುವುದಿಲ್ಲ, ಹೋಲಿಕೆ ಸರಿಯಲ್ಲ ಎಂದು ನೀವು ತಡೆಯಬಹುದು. ಪಕ್ಕದ ತಿರುಪನ್ನು ಹೊರಗೆಳೆದು ನೋಡಿ. ಎಳೆದ ಕೂಡಲೇ ಸೆಕೆಂಡ್ ಮುಳ್ಳು ನಿಂತುಬಿಡುತ್ತದೆ: ಮನುಷ್ಯ ಮುಟ್ಟಿದ, ಯಂತ್ರ ಬಿಟ್ಟುಕೊಟ್ಟಿತು. ತಿರುಪನ್ನು ತಿರುಗಿಸಿದರೆ ನಿಮಿಷದ ಮುಳ್ಳು ಕೈಯ ಜೊತೆ ಬರುತ್ತದೆ. ಮೋಟಾರಿನ ಕಡೆಯ ಚಕ್ರ ಕದಲದೆ ನಿಂತಿರುತ್ತದೆ. ನಡುವಿನ ಹಲ್ಲುಚಕ್ರದ ಬಿಗಿ ಜಾರಿ ದಾರಿ ಕೊಡುತ್ತದೆ. ಆಂಪ್ಲಿಫೈಯರ್‌ನ ಮೋಟಾರು ಗುಂಡಿಯಲ್ಲಿ ನೋಡಿದ ಅದೇ ಜಾರುವ ಹಿಡಿತ ಇಲ್ಲಿ ಕೂದಲೆಳೆಯ ಅಳತೆಯಲ್ಲಿದೆ. ತಿರುಪನ್ನು ಒಳಕ್ಕೊತ್ತಿದರೆ, ನೀವು ಇಟ್ಟ ಜಾಗದಿಂದ ಯಂತ್ರ ಮುಂದುವರಿಸುತ್ತದೆ. ನಿಮ್ಮದು ಸರಿಯೋ ತಪ್ಪೋ ಎಂದು ಕೇಳುವುದಿಲ್ಲ. ಹೊಸೂರಿನ ಕಾರ್ಖಾನೆಯಿಂದ ಹೊರಬಿದ್ದ ಮುಳ್ಳಿನ ಕ್ವಾರ್ಟ್ಜ್ ಗಡಿಯಾರಗಳೆಲ್ಲ ಈ ಅರ್ಥದಲ್ಲಿ ಮೋಟಾರು ಕಟ್ಟಿದ ಗುಂಡಿಗಳೇ. ಇದನ್ನು ಆಟಿಕೆ ಎಂದು ಯಾರೂ ಕರೆದದ್ದಿಲ್ಲ.

ಧ್ವನಿಮುದ್ರಣದ ಲೋಕ ಇದೇ ಪಾಠವನ್ನು ಕಷ್ಟಪಟ್ಟು ಕಲಿಯಿತು. ಹಲವು ಟ್ರ್ಯಾಕ್‌ಗಳ ಟೇಪು ಬಂದ ಮೇಲೆ, ಹಾಡನ್ನು ಕೊನೆಗೆ ಎರಡು ಟ್ರ್ಯಾಕ್‌ಗೆ ಇಳಿಸುವ ಹೊತ್ತಿನಲ್ಲಿ ಒಬ್ಬ ಎಂಜಿನಿಯರ್‌ಗೆ ಎರಡೇ ಕೈ. ಪಲ್ಲವಿಯಲ್ಲಿ ಪಿಟೀಲು ತಗ್ಗಬೇಕು, ಚರಣದಲ್ಲಿ ತಬಲ ಏಳಬೇಕು, ನಡುವೆ ಕೊಳಲು. ಸಹಾಯಕರು ಪಕ್ಕದಲ್ಲಿ ನಿಂತು ತಮ್ಮ ತಮ್ಮ ಫೇಡರ್ ಹಿಡಿದು ಸನ್ನೆಗೆ ಕಾಯುತ್ತಿದ್ದರು. ಒಬ್ಬ ತಪ್ಪಿದರೆ ಮತ್ತೆ ಮೊದಲಿಂದ. (ಕನ್ನಡದ ಸಿನಿಮಾ ಹಾಡುಗಳ ಮುದ್ರಣ ಬಹುಕಾಲ ನಡೆದದ್ದು ಮದರಾಸಿನಲ್ಲಿ; ರಸ್ತೆಯಲ್ಲಿ ಬೆಂಗಳೂರಿಗೆ ಹೊರಟ ಟೇಪಿನ ಡಬ್ಬಿಗಳು ಕೃಷ್ಣಗಿರಿ, ಹೊಸೂರು ದಾಟಿ ಬರುವುದೂ ಇತ್ತು. 1980ರ ದಶಕದಲ್ಲಿ ಶಂಕರ್‌ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದರ ಹಿಂದೆ ಈ ದಾರಿಯ ದಣಿವೂ ಇದ್ದಿರಬೇಕು.) ಕೈಗಳ ಈ ಕೊರತೆಗೆ ಪರಿಹಾರವಾಗಿ ಮೊದಲು ಬಂದದ್ದು ಮೋಟಾರು ಇಲ್ಲದ ಉಪಾಯ. ವೋಲ್ಟೇಜ್‌ನಿಂದ ಸದ್ದು ಏರಿಳಿಸುವ ಮಂಡಲ ಇಟ್ಟು, ಫೇಡರ್‌ನ ಚಲನೆಯನ್ನು ದಾಖಲಿಸಿಕೊಂಡು, ಎರಡನೆಯ ಸಲ ಯಂತ್ರವೇ ಆ ವೋಲ್ಟೇಜ್ ಕೊಡುವುದು. ಸದ್ದು ಸರಿಯಾಗಿಯೇ ಏರಿಳಿಯುತ್ತಿತ್ತು. ಫೇಡರ್ ಮಾತ್ರ ಸತ್ತಂತೆ ಬಿದ್ದಿರುತ್ತಿತ್ತು. ಎಂಜಿನಿಯರ್ ಅದನ್ನು ತಿದ್ದಲು ಕೈ ಹಾಕಿದರೆ ಸದ್ದು ಎಗರುತ್ತಿತ್ತು. ಇದಕ್ಕೆ ಪ್ರತಿ ಫೇಡರ್ ಪಕ್ಕದಲ್ಲಿ ಎರಡು ಪುಟ್ಟ ದೀಪ ಇಟ್ಟರು: ನಿಜವಾದ ಮಟ್ಟ ಮೇಲಿದೆ, ಅಥವಾ ಕೆಳಗಿದೆ. ಎರಡೂ ಆರುವ ತನಕ ಫೇಡರ್ ಸರಿಸಿ, ಯಂತ್ರದ ಗುಟ್ಟಿನ ಜಾಗವನ್ನು ತಡಕಾಡಿ ಹಿಡಿದು, ಆಮೇಲೆ ತಿದ್ದಬೇಕು. ಗುಂಡಿ ಸುಳ್ಳು ಹೇಳುತ್ತಿದೆ ಎಂದು ತಿಳಿಸಲು ಇನ್ನೊಂದು ದೀಪ. 1970ರ ದಶಕದ ಕೊನೆಯ ವರ್ಷಗಳಲ್ಲಿ ಇಂಗ್ಲೆಂಡಿನ ನೀವ್ ಕಂಪನಿ ನೆಕ್ಯಾಮ್ ಎಂಬ ವ್ಯವಸ್ಥೆಯಲ್ಲಿ ಫೇಡರ್‌ಗಳಿಗೇ ಮೋಟಾರು ಕಟ್ಟಿತು. ಅದನ್ನು ಮೊದಲು ಬಳಸಿದವರಲ್ಲಿ ಸಂಗೀತ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಏರ್ ಸ್ಟುಡಿಯೋ ಒಂದು. ಟೇಪು ಓಡುತ್ತಿದ್ದಂತೆ ಫೇಡರ್‌ಗಳು ಯಾರೂ ಮುಟ್ಟದೆ ಸಾಲಾಗಿ ಏಳುವುದು ಇಳಿಯುವುದು ನೋಡಿದವರಿಗೆ ಭೂತಚೇಷ್ಟೆ ಅನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ವ್ಯವಸ್ಥೆಯ ಬೆಲೆ ಇದ್ದದ್ದು ನೋಟದಲ್ಲಲ್ಲ, ದೀಪಗಳನ್ನು ಕಿತ್ತುಹಾಕಿದ್ದರಲ್ಲಿ.

ಫೇಡರ್‌ನ ಮೋಟಾರು ವಾಲ್ಯೂಮ್ ಗುಂಡಿಯ ಮೋಟಾರಿಗಿಂತ ಜಾಣ. ಗುಂಡಿಯದು ರಿಮೋಟ್ ಒತ್ತಿದಷ್ಟು ಹೊತ್ತು ತಿರುಗುತ್ತದೆ, ಎಲ್ಲಿ ನಿಂತೆ ಎಂಬುದು ಅದಕ್ಕೆ ಗೊತ್ತಿಲ್ಲ. ಸಾಕು ಎನ್ನುವುದು ಕೇಳುವವನ ಕಿವಿ. ಫೇಡರ್ ನಿರ್ದಿಷ್ಟ ಜಾಗಕ್ಕೆ, ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಹೋಗಿ ನಿಲ್ಲಬೇಕು. ಅದಕ್ಕಾಗಿ 100 ಮಿಲಿಮೀಟರ್ ಉದ್ದದ ಜಾಡಿನ ಪಕ್ಕದಲ್ಲಿ ಜಾಗ ಅಳೆಯುವ ಪಟ್ಟಿ, ಹಲ್ಲಿನ ಬೆಲ್ಟು ಎಳೆಯುವ ಮೋಟಾರು, ಇರಬೇಕಾದ ಜಾಗಕ್ಕೂ ಇರುವ ಜಾಗಕ್ಕೂ ಎಷ್ಟು ವ್ಯತ್ಯಾಸ ಎಂದು ಎಡೆಬಿಡದೆ ಲೆಕ್ಕ ಹಾಕುವ ಚಿಪ್ಪು. ಫೇಡರ್‌ನ ತಲೆಗೆ ವಿದ್ಯುತ್ ಹರಿಯುವ ಲೇಪ ಇರುತ್ತದೆ; ಬೆರಳು ತಾಗಿದ್ದು ಚಿಪ್ಪಿಗೆ ತಿಳಿದು, ಮೋಟಾರು ಆ ಕ್ಷಣಕ್ಕೆ ಸಡಿಲವಾಗುತ್ತದೆ. ಮುಟ್ಟಿದಾಗ ಬಿಟ್ಟುಕೊಡುವುದು ಸರಿ. ಕೈ ತೆಗೆದಾಗ ಏನು ಮಾಡಬೇಕು? ಇಲ್ಲಿ ಎರಡು ಪದ್ಧತಿ. ಒಂದರಲ್ಲಿ, ಕೈ ತೆಗೆದರೆ ಫೇಡರ್ ಹಳೆಯ ದಾಖಲೆಯ ಜಾಗಕ್ಕೆ ಹಿಂದಿರುಗುತ್ತದೆ. ಇನ್ನೊಂದರಲ್ಲಿ, ಕೈ ಬಿಟ್ಟ ಜಾಗದಲ್ಲೇ ಉಳಿಯುತ್ತದೆ. ಸ್ಟುಡಿಯೋದವರು ಎರಡನ್ನೂ ಬಳಸುತ್ತಾರೆ, ಗುಂಡಿ ಒತ್ತಿ ಆರಿಸಿಕೊಳ್ಳುತ್ತಾರೆ. ಸಣ್ಣ ಆಯ್ಕೆಯಂತೆ ಕಾಣುವ ಇದು ಬೇರೊಂದು ಕಡೆ ಜೀವಗಳ ಪ್ರಶ್ನೆಯಾಯಿತು, ಅಲ್ಲಿಗೆ ಬರುತ್ತೇನೆ.

1995ರ ಯಮಹಾ 02ಆರ್‌ನಂಥ ಡಿಜಿಟಲ್ ಮಿಕ್ಸರ್‌ಗಳು ಮೋಟಾರು ಫೇಡರ್‌ಗಳನ್ನು ದೊಡ್ಡ ಸ್ಟುಡಿಯೋದಿಂದ ಹೊರಕ್ಕೆ ತಂದವು. 2012ರಲ್ಲಿ ಬಂದ ಬೆಹ್ರಿಂಗರ್ ಎಕ್ಸ್32, ಮೋಟಾರಿನ 25 ಫೇಡರ್‌ಗಳನ್ನು ಬಾಡಿಗೆ ಸೌಂಡಿನವರ ಕೈಗೆಟುಕುವ ಬೆಲೆಗೆ ಇಳಿಸಿತು. ಇಲ್ಲಿ ಮೋಟಾರಿನ ಅಗತ್ಯ ಬೇರೆ ಬಗೆಯದು. ಮೈಕುಗಳು 32, ಅವುಗಳಿಗೆ ಮೀಸಲಾದ ಫೇಡರ್‌ಗಳು 16. ಒಂದು ಬಟನ್ ಒತ್ತಿದರೆ ಇದೇ 16 ಫೇಡರ್‌ಗಳು ಉಳಿದ ಹದಿನಾರರ ಜಾಗಗಳಿಗೆ ದಡಬಡ ಸರಿದು ಬೇರೆಯವೇ ಆಗುತ್ತವೆ. ಈಗಷ್ಟೇ ಮೃದಂಗವಾಗಿದ್ದದ್ದು ಕೀಬೋರ್ಡ್ ಆಗುತ್ತದೆ. ಮೋಟಾರು ಇಲ್ಲದಿದ್ದರೆ ಪ್ರತಿ ಸಲ ಪುಟ ಮಗುಚಿದಾಗ 16 ಸುಳ್ಳುಗಳು ಸಾಲಾಗಿ ನಿಂತಿರುತ್ತವೆ. ಹೊಸೂರಿನ ಕಲ್ಯಾಣ ಮಂಟಪದಲ್ಲಿ ಆರತಕ್ಷತೆಯ ಸಂಜೆಯ ಆರ್ಕೆಸ್ಟ್ರಾ ನೆನೆಯಿರಿ. ತಮಿಳು ಹಾಡು, ಹಿಂದೆಯೇ ತೆಲುಗು ಹಾಡು, ನೆಂಟರ ಒತ್ತಾಯಕ್ಕೊಂದು ಕನ್ನಡ ಹಾಡು. ಗಾಯಕರು ಬದಲಾಗುತ್ತಾರೆ, ನಡುವೆ ವರನ ಸೋದರಮಾವ ಮೈಕು ಕಸಿದು ನಾಲ್ಕು ಮಾತಾಡುತ್ತಾರೆ. ಕೃಷ್ಣಗಿರಿ ಜಿಲ್ಲೆಯ ಹಳ್ಳಿಗಳಲ್ಲಿ ದ್ರೌಪದಮ್ಮನ ಗುಡಿಯ ಮುಂದೆ ದಿನಗಟ್ಟಲೆ ನಡೆಯುವ ಭಾರತ ಉತ್ಸವದಲ್ಲೂ ಹಾಗೆಯೇ, ಹಗಲು ಕಥೆ ಹೇಳುವವರ ಒಂದು ಮೈಕು, ರಾತ್ರಿ ಕೂತ್ತು ಎಂಬ ಬಯಲಾಟ ಆಡುವವರ ಹಲವು ಮೈಕು. ಇಂಥಲ್ಲಿ ಕಿವಿಯೊಂದನ್ನೇ ನೆಚ್ಚಿಕೊಂಡರೆ ಸಾಲದು. ಒಂದೇ ಹಾಡು ಕೇಳುವ ಮನೆಯಲ್ಲಿ ಕಿವಿಯೇ ಮೀಟರು. ಇಪ್ಪತ್ತು ದನಿ ಕಲೆತಲ್ಲಿ ಯಾವ ಮೈಕು ಸುಮ್ಮನೆ ತೆರೆದಿದೆ ಎಂದು ಕಿವಿಗೆ ತಿಳಿಯುವುದು ಅದು ಕುಯ್ಯೆಂದು ಕೂಗಿದ ಮೇಲೆ. ಫೇಡರ್‌ಗಳ ಸಾಲು ನೋಡಿದರೆ ಕೂಗುವ ಮುಂಚೆಯೇ ಕಾಣುತ್ತದೆ: ಎಲ್ಲ ಕೆಳಗಿರುವಾಗ ಒಂದು ಮಾತ್ರ ತಲೆ ಎತ್ತಿದೆ.

ಆಕ್ಷೇಪಗಳು ಬರಲಿ. ಮೊದಲನೆಯದು ಟ್ಯಾಬ್ಲೆಟ್ಟಿನವರದ್ದು. ಫೇಡರ್‌ಗಳೇ ಇಲ್ಲದ ಡಬ್ಬಿಯಂಥ ಮಿಕ್ಸರ್‌ಗಳಿವೆ, ಗಾಜಿನ ಮೇಲೆ ಚಿತ್ರದ ಫೇಡರ್ ಸರಿಸಿದರಾಯಿತು. ಚಿತ್ರ ಎಂದೂ ಸುಳ್ಳು ಹೇಳುವುದಿಲ್ಲ, ಬೆಲ್ಟು ಹರಿಯುವುದಿಲ್ಲ, ಸಭಾಂಗಣದ ಹಿಂದಿನ ಸಾಲಿಗೆ ಹೋಗಿ ಕೂತು ಸದ್ದು ಸರಿಪಡಿಸಬಹುದು. ಕೊನೆಯ ಮಾತು ನಿಜವಾಗಿಯೂ ತೂಕದ್ದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗಾಜು ನೋಡುವವರಿಗೆ ಮಾತ್ರ ನಿಜ ಹೇಳುತ್ತದೆ. ಕಣ್ಣು ವೇದಿಕೆಯ ಮೇಲೆ, ಕೈ ಫೇಡರ್ ಮೇಲೆ ಇರಬೇಕಾದ ಕೆಲಸದಲ್ಲಿ ಗಾಜು ಕಣ್ಣನ್ನು ಕೆಳಕ್ಕೆ ಎಳೆಯುತ್ತದೆ. ಬೆರಳಿಗೆ ಅಲ್ಲಿ ಅಂಚಿಲ್ಲ, ತಡೆಯಿಲ್ಲ, ಪಕ್ಕದ ಫೇಡರ್‌ಗೂ ಇದಕ್ಕೂ ನಡುವೆ ಗೋಡೆಯಿಲ್ಲ. ನಾಲ್ಕು ಬೆರಳಿಗೆ ನಾಲ್ಕು ಫೇಡರ್ ಹಿಡಿದು, ನೋಡದೆಯೇ ಒಂದೇ ಸಲ ಇಳಿಸುವಂತಿಲ್ಲ. ಎರಡನೆಯ ಆಕ್ಷೇಪ ಕೊನೆಯಿಲ್ಲದೆ ಸುತ್ತುವ ಗುಂಡಿಯವರದ್ದು: ಸುತ್ತಲೂ ದೀಪದ ಬಳೆ ಇಟ್ಟರೆ ಗುಂಡಿ ಸುಳ್ಳು ಹೇಳುವುದಿಲ್ಲ, ಮೋಟಾರೂ ಬೇಡ. ಇದು ಅರ್ಧ ಒಪ್ಪತಕ್ಕದ್ದು. ಎಕ್ಸ್32ನಲ್ಲೇ ಗೇನ್, ಈಕ್ವಲೈಜರ್ ಇವೆಲ್ಲ ಹಾಗೆ ಸುತ್ತುವ ಗುಂಡಿಗಳು. ಅವನ್ನು ಕಾರ್ಯಕ್ರಮದ ಮೊದಲು ಒಮ್ಮೆ ಹದ ಮಾಡಿ ಬಿಡುತ್ತಾರೆ. ಮೋಟಾರು ಇಟ್ಟಿರುವುದು ಕೈ ಸಂಜೆಯಿಡೀ ವಾಸ ಮಾಡುವ ಜಾಗದಲ್ಲಿ ಮಾತ್ರ. ಇದೇ ನನ್ನ ಗೆರೆ ಕೂಡ. ಮನೆಯ ಆಂಪ್ಲಿಫೈಯರ್‌ನ ಮೋಟಾರು ಗುಂಡಿಯನ್ನು ನಾನು ಮೆಚ್ಚುತ್ತೇನೆ, ಆದರೆ ಅದಿಲ್ಲದೆ ಮನೆ ನಡೆಯುವುದಿಲ್ಲ ಎಂದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಯನ್ನು ನನ್ನ ಮೇಲೇ ಪ್ರಯೋಗಿಸಬಹುದು.

ಗಂಭೀರವಾದ ಆಕ್ಷೇಪ ಆಕಾಶದಿಂದ ಬರುತ್ತದೆ. ಬೋಯಿಂಗ್ ವಿಮಾನಗಳಲ್ಲಿ ಯಂತ್ರ ಎಂಜಿನಿನ ಶಕ್ತಿ ಬದಲಿಸಿದಾಗ ಪೈಲಟ್ ಮುಂದಿನ ಲಿವರ್‌ಗಳನ್ನೂ ಮೋಟಾರು ಸರಿಸುತ್ತದೆ. 1988ರಲ್ಲಿ ಸೇವೆಗೆ ಬಂದ ಏರ್‌ಬಸ್ ಎ320ರಲ್ಲಿ ಲಿವರ್ ಒಂದೇ ಗುರುತಿನಲ್ಲಿ ನಿಂತಿರುತ್ತದೆ, ಶಕ್ತಿ ಏರಿಳಿದದ್ದು ಪರದೆಯ ಮೇಲೆ ಕಾಣುತ್ತದೆ. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಎ320, ಇಲ್ಲಿಗೆ 40 ಕಿಲೋಮೀಟರ್ ಆಚೆಯ ಬೆಂಗಳೂರಿನಲ್ಲಿ, ಎಚ್‌ಎಎಲ್ ನಿಲ್ದಾಣದ ರನ್‌ವೇಗೆ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. ಒಳಗಿದ್ದ 146 ಜನರಲ್ಲಿ 92 ಮಂದಿ ಸತ್ತರು. ಎಂಜಿನುಗಳು ಕನಿಷ್ಠ ಶಕ್ತಿಯಲ್ಲಿದ್ದವು, ವೇಗ ಕುಸಿಯುತ್ತಿತ್ತು, ಪೈಲಟ್‌ಗಳು ಸಕಾಲಕ್ಕೆ ಗಮನಿಸಲಿಲ್ಲ. ಲಿವರ್ ತಾನಾಗಿ ಹಿಂದಕ್ಕೆ ಸರಿದಿದ್ದರೆ ಉಳಿಯುತ್ತಿದ್ದರೇ? ಹೌದು ಎಂದುಬಿಟ್ಟರೆ ನನ್ನ ವಾದಕ್ಕೆ ಅನುಕೂಲ, ಆದರೆ ಅದು ಪ್ರಾಮಾಣಿಕವಾಗುವುದಿಲ್ಲ. ಎ320 ಕುಟುಂಬದ ವಿಮಾನಗಳು ಅದೇ ಕದಲದ ಲಿವರ್‌ನೊಂದಿಗೆ ಲೋಕದ ತುಂಬ ಸುರಕ್ಷಿತವಾಗಿ ಹಾರುತ್ತಿವೆ. ಮೇಲಾಗಿ 2009ರ ಫೆಬ್ರವರಿ 25ರಂದು ಆಮ್‌ಸ್ಟರ್‌ಡ್ಯಾಮ್ ಬಳಿ ಬಿದ್ದ ಟರ್ಕಿಷ್ ಏರ್‌ಲೈನ್ಸ್‌ನ ಬೋಯಿಂಗ್ 737ರಲ್ಲಿ, ಎತ್ತರ ಅಳೆಯುವ ಉಪಕರಣ ಕೆಟ್ಟು, ಯಂತ್ರ ಲಿವರ್‌ಗಳನ್ನು ಕಣ್ಣೆದುರಿಗೇ ಹಿಂದಕ್ಕೆಳೆದು ನಿಲ್ಲಿಸಿತ್ತು. ಪೈಲಟ್‌ಗಳು ಬಹಳ ಹೊತ್ತು ಗಮನಿಸಲಿಲ್ಲ. ಒಂಬತ್ತು ಜನ ಸತ್ತರು. ಚಲಿಸುವ ಲಿವರ್ ಅಲ್ಲಿ ನಿಜವನ್ನೇ ಹೇಳಿತ್ತು, ಕೇಳಿಸಿಕೊಳ್ಳುವ ಗಮನ ಅಲ್ಲಿರಲಿಲ್ಲ.

ಆಮ್‌ಸ್ಟರ್‌ಡ್ಯಾಮ್ ಅಪಘಾತದ ಇನ್ನೊಂದು ವಿವರ ನಮ್ಮ ವಿಷಯದ ಎದೆಗೇ ನಾಟುತ್ತದೆ. ಚುಕ್ಕಾಣಿಯಲ್ಲಿ ಎಚ್ಚರಿಕೆಯ ನಡುಕ ಬಂದ ಕೂಡಲೇ ಸಹಪೈಲಟ್ ಲಿವರ್‌ಗಳನ್ನು ಮುಂದಕ್ಕೆ ತಳ್ಳಿದರು. ಅದೇ ಹೊತ್ತಿಗೆ ಕ್ಯಾಪ್ಟನ್ ನಿಯಂತ್ರಣ ತಾವು ತೆಗೆದುಕೊಂಡರು, ಸಹಪೈಲಟ್ ಕೈ ಬಿಟ್ಟರು. ಕೈ ಬಿಟ್ಟೊಡನೆ, ಇನ್ನೂ ಚಾಲನೆಯಲ್ಲೇ ಇದ್ದ ಯಂತ್ರ ಲಿವರ್‌ಗಳನ್ನು ಮತ್ತೆ ಹಿಂದಕ್ಕೆಳೆಯಿತು. ಸ್ಟುಡಿಯೋದ ಎರಡು ಪದ್ಧತಿಗಳಲ್ಲಿ ಮೊದಲನೆಯದು ಇದು: ಕೈ ತೆಗೆದರೆ ಹಳೆಯ ಜಾಗಕ್ಕೆ. ಹಾಡಿನಲ್ಲಿ ಇದು ಅನುಕೂಲ, ಒಂದು ಸಾಲಿನ ಪಿಟೀಲು ತಿದ್ದಿ ಉಳಿದದ್ದನ್ನು ಹಾಗೇ ಬಿಡಬಹುದು. ನೆಲ ಹತ್ತಿರವಾಗುತ್ತಿರುವಾಗ ಅದೇ ಸೌಜನ್ಯ ಮಾರಕ. ಹೀಗಾಗಿ ನನ್ನ ವಾದವನ್ನು ಇಷ್ಟು ತಿದ್ದಿಕೊಳ್ಳುತ್ತೇನೆ. ಮೋಟಾರು ಇದ್ದರೆ ಮಾತ್ರ ಸಾಲದು, ಕೈ ಬಿಟ್ಟ ಮೇಲೆ ಮಾತು ಯಾರದ್ದು ಎಂಬುದನ್ನು ಯಂತ್ರ ಮಾಡುವವರು ಮೊದಲೇ ತೀರ್ಮಾನಿಸಿ ತಿಳಿಸಿರಬೇಕು. ಟೈಟನ್ ಗಡಿಯಾರದ ತಿರುಪು ಈ ಪ್ರಶ್ನೆಯನ್ನು ಸದ್ದಿಲ್ಲದೆ ಬಿಡಿಸಿದೆ: ಕೈ ಇಟ್ಟದ್ದೇ ಹೊಸ ಹೊತ್ತು, ಯಂತ್ರ ಅಲ್ಲಿಂದ ಮುಂದಕ್ಕೆ.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ಮೋಟಾರು ಫೇಡರ್ ಸವೆಯುತ್ತದೆ, ಜಾತ್ರೆಯ ಧೂಳು ಅದರ ಜಾಡಿನೊಳಗೆ ಇಳಿಯುತ್ತದೆ, ಚಹ ಚೆಲ್ಲಿದರಂತೂ ಮುಗಿದೇ ಹೋಯಿತು. ಆದರೆ ಅದನ್ನು ನಾಲ್ಕು ಸ್ಕ್ರೂ ಬಿಚ್ಚಿ ಒಂದೊಂದಾಗಿ ಬದಲಿಸಬಹುದು, ಬಿಡಿಭಾಗ ಹುಡುಕಿಕೊಂಡು ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಬಸ್ಸು ಹತ್ತಬಹುದು. ಒಡೆದ ಗಾಜಿಗೆ ಬಿಡಿಭಾಗ ಎಂದರೆ ಇಡೀ ಗಾಜು.

ಇನ್ನು ಯಾರೂ ಎತ್ತದಿದ್ದರೂ ನಾನೇ ಎತ್ತಬೇಕಾದ ಆಕ್ಷೇಪ ಒಂದಿದೆ. ಬ್ಯಾಟರಿ ಮುಗಿದರೆ ಅಂಕಿಯ ಗಡಿಯಾರ ಬರಿದಾಗುತ್ತದೆ: ಗೊತ್ತಿಲ್ಲ ಎಂದು ಒಪ್ಪಿಕೊಳ್ಳುತ್ತದೆ. ಮುಳ್ಳಿನ ಗಡಿಯಾರ ನಿಂತ ಹೊತ್ತನ್ನೇ ತೋರುತ್ತ ಕೂರುತ್ತದೆ, ಅಂದರೆ ಸತ್ತ ಮೇಲೂ ಸುಳ್ಳು ಹೇಳುತ್ತದೆ. ಮೋಟಾರು ಕೆಟ್ಟ ಫೇಡರ್ ಕೂಡ ಹಾಗೆಯೇ, ಪುಟ ಮಗುಚಿದಾಗ ನೆರೆಯವರೆಲ್ಲ ಸರಿದರೂ ತಾನು ಹಳೆಯ ಜಾಗದಲ್ಲೇ ನಿಂತು ಇಲ್ಲದ ಮಟ್ಟವನ್ನು ಸಾರುತ್ತದೆ. ಈ ಆಕ್ಷೇಪಕ್ಕೆ ಪೂರ್ಣ ಉತ್ತರವಿಲ್ಲ, ಇರುವುದು ಕುಶಲಕರ್ಮಿಗಳ ಉತ್ತರ. ಹಲವು ಕ್ವಾರ್ಟ್ಜ್ ಗಡಿಯಾರಗಳಲ್ಲಿ ಬ್ಯಾಟರಿ ಸೋಲುತ್ತಿರುವಾಗ ಸೆಕೆಂಡ್ ಮುಳ್ಳು ಒಂದೊಂದೇ ಹೆಜ್ಜೆ ಬಿಟ್ಟು ನಾಲ್ಕು ಸೆಕೆಂಡಿಗೊಮ್ಮೆ ನಾಲ್ಕು ಹೆಜ್ಜೆ ನೆಗೆಯತೊಡಗುತ್ತದೆ; ಹೊತ್ತು ತಪ್ಪುವುದಿಲ್ಲ, ನಡಿಗೆ ಬದಲಾಗುತ್ತದೆ, ಕಟ್ಟಿಕೊಂಡವರು ಅಂಗಡಿಗೆ ಹೋಗುತ್ತಾರೆ. ಮಿಕ್ಸರ್‌ಗಳಿಗೆ ಇಷ್ಟು ನಾಜೂಕಿನ ಭಾಷೆ ಬಂದಿಲ್ಲ. ಆದರೆ ಸೌಂಡಿನವರು ಸಂಜೆ ನಾಲ್ಕಕ್ಕೆ ವೇದಿಕೆಯ ಪಕ್ಕದಲ್ಲಿ ಸ್ವಿಚ್ ಹಾಕಿ, ಒಂದೊಂದೇ ಪುಟ ಮಗುಚಿ ನೋಡುತ್ತಾರಲ್ಲ, ಆಗ ಫೇಡರ್‌ಗಳ ಸಾಲು ಏಳುತ್ತದೆ, ಬೀಳುತ್ತದೆ. ಏಳದೆ ಉಳಿದದ್ದು ಯಾವುದೆಂದು ಮೊದಲ ಮೈಕಿಗೆ ದನಿ ಬರುವ ಮುಂಚೆಯೇ ತಿಳಿಯುತ್ತದೆ. ಅದರ ತಲೆಯ ಮೇಲೊಂದು ತುಂಡು ಟೇಪು ಅಂಟಿಸಿ, ಆ ಚಾನೆಲ್ಲನ್ನು ಪಕ್ಕದ ಫೇಡರ್‌ಗೆ ವರ್ಗಾಯಿಸಿದರೆ ಆರು ಗಂಟೆಯ ಕಛೇರಿಗೆ ಅಡ್ಡಿಯಿಲ್ಲ.